ಶಾಂತಿ ಒಪ್ಪಂದಕ್ಕೆ ಸಹಿ ಬಿದ್ದ ಮೇಲೆ ಮನೆ ಕಳೆದುಕೊಂಡವರಿಗೆ ಪರಿಹಾರ ಕೊಡುವವರು ಯಾರು?

ಉಕ್ರೇನ್ ಯುದ್ಧವನ್ನು ನಿಲ್ಲಿಸಲು ಅಮೆರಿಕ ಮುಂದಿಟ್ಟ 28 ಅಂಶಗಳ ಕರಡು 2025ರ ನವೆಂಬರ್‌ನಲ್ಲಿ ಬಹಿರಂಗವಾದಾಗ ಚರ್ಚೆಯ ಬಹುಪಾಲು ಗಡಿರೇಖೆ, ಸೇನೆಯ ಗಾತ್ರ ಮತ್ತು ನೇಟೊ ಸದಸ್ಯತ್ವದ ಸುತ್ತಲೇ ನಡೆಯಿತು. ಆ ಕರಡಿನ 26ನೆಯ ಅಂಶ ಅಷ್ಟಾಗಿ ಯಾರ ಕಣ್ಣಿಗೂ ಬೀಳಲಿಲ್ಲ. ಯುದ್ಧಕಾಲದ ಕೃತ್ಯಗಳಿಗಾಗಿ ಎಲ್ಲ ಪಕ್ಷಗಳಿಗೂ ಪೂರ್ಣ ಕ್ಷಮಾದಾನ ದೊರೆಯುತ್ತದೆ, ಮುಂದೆ ಯಾರೂ ಪರಿಹಾರ ಕೇಳುವಂತಿಲ್ಲ, ದೂರುಗಳನ್ನು ಪರಿಗಣಿಸುವಂತಿಲ್ಲ ಎಂಬುದು ಅದರ ಸಾರವಾಗಿತ್ತು. ಐರೋಪ್ಯ ದೇಶಗಳು ಮುಂದಿಟ್ಟ ಬದಲಿ ಕರಡು ಇದಕ್ಕೆ ತದ್ವಿರುದ್ಧವಾದ ಮಾತನ್ನು ಹೇಳಿತು: ಉಕ್ರೇನ್‌ಗೆ ಆದ ಹಾನಿಯನ್ನು ರಷ್ಯಾ ತುಂಬಿಕೊಡುವವರೆಗೆ ಅದರ ಸರ್ಕಾರಿ ಆಸ್ತಿಯ ಮೇಲಿನ ತಡೆ ತೆರವಾಗಬಾರದು. ಈ ಎರಡು ವಾಕ್ಯಗಳ ನಡುವಿನ ಅಂತರದಲ್ಲಿ ಲಕ್ಷಾಂತರ ಕುಟುಂಬಗಳ ಮನೆ, ಅಂಗಡಿ, ಹೊಲ, ಉಳಿತಾಯಗಳ ಭವಿಷ್ಯ ನಿಂತಿದೆ. ವಿಶ್ವಬ್ಯಾಂಕ್ ಮತ್ತು ಅದರ ಸಹಭಾಗಿ ಸಂಸ್ಥೆಗಳು 2025ರ ಫೆಬ್ರವರಿಯಲ್ಲಿ ಪ್ರಕಟಿಸಿದ ಅಂದಾಜಿನ ಪ್ರಕಾರ ಉಕ್ರೇನ್‌ನ ವಸತಿಗಳಲ್ಲಿ 13% ಹಾನಿಗೀಡಾಗಿವೆ ಅಥವಾ ನೆಲಸಮವಾಗಿವೆ. 25 ಲಕ್ಷಕ್ಕೂ ಹೆಚ್ಚು ಕುಟುಂಬಗಳಿಗೆ ಅದರ ಪೆಟ್ಟು ತಟ್ಟಿದೆ.

ಯುದ್ಧ ಮುಗಿದ ಮೇಲೆ ಸೋತ ದೇಶ ಗೆದ್ದ ದೇಶಕ್ಕೆ ಹಣ ತೆರುವುದು ಹಳೆಯ ಪದ್ಧತಿ. ಬಾಂಬಿಗೆ ಮನೆ ಕಳೆದುಕೊಂಡ ಒಬ್ಬ ಸಾಮಾನ್ಯ ವ್ಯಕ್ತಿಗೆ ಅವನ ಹೆಸರಿನಲ್ಲಿ, ಅವನ ನಷ್ಟಕ್ಕೆ ತಕ್ಕಂತೆ ಪರಿಹಾರ ಸಿಗುವುದು ಬೇರೆಯೇ ಸಂಗತಿ, ಮತ್ತು ಅದು ಬಹಳ ಅಪರೂಪ. ಯುದ್ಧನಿಯಮಗಳನ್ನು ಉಲ್ಲಂಘಿಸಿದ ದೇಶ ಪರಿಹಾರ ಕೊಡಬೇಕೆಂದು 1907ರ ಹೇಗ್ ಒಡಂಬಡಿಕೆಯ 3ನೆಯ ವಿಧಿ ಹೇಳುತ್ತದೆ. ಆದರೆ ಆ ಪರಿಹಾರವನ್ನು ಕೇಳುವವರು ಯಾರು, ಯಾವ ಕಚೇರಿಯ ಬಾಗಿಲು ತಟ್ಟಬೇಕು ಎಂಬುದನ್ನು ಅದು ಹೇಳುವುದಿಲ್ಲ. ಅಂತರರಾಷ್ಟ್ರೀಯ ಕಾನೂನಿನ ರೂಢಿಯಲ್ಲಿ ಪ್ರಜೆಯ ನಷ್ಟವನ್ನು ಅವನ ಸರ್ಕಾರ ತನ್ನದೇ ನಷ್ಟವೆಂಬಂತೆ ಎತ್ತಿಕೊಂಡು ಎದುರಾಳಿಯ ಮುಂದಿಡುತ್ತದೆ. ಹಾಗೆ ಎತ್ತಿಕೊಳ್ಳುವ ಅಧಿಕಾರ ಯಾರಿಗಿದೆಯೋ ಅದನ್ನು ಬಿಟ್ಟುಕೊಡುವ ಅಧಿಕಾರವೂ ಅವರಿಗೇ ಇದೆ. ಬೇರೆ ದೇಶದ ಸರ್ಕಾರದ ಮೇಲೆ ತನ್ನ ಊರಿನ ನ್ಯಾಯಾಲಯದಲ್ಲಿ ದಾವೆ ಹೂಡೋಣವೆಂದರೆ ಅದೂ ಆಗುವುದಿಲ್ಲ. ಎರಡನೆಯ ಮಹಾಯುದ್ಧದ ಇಟಲಿಯ ಸಂತ್ರಸ್ತರು ಜರ್ಮನಿಯ ಮೇಲೆ ತಮ್ಮ ದೇಶದಲ್ಲೇ ಪಡೆದಿದ್ದ ತೀರ್ಪುಗಳು, ಒಂದು ದೇಶದ ನ್ಯಾಯಾಲಯ ಮತ್ತೊಂದು ದೇಶವನ್ನು ಕಟಕಟೆಗೆ ತರುವಂತಿಲ್ಲ ಎಂಬ ನೆಲೆಯಲ್ಲಿ 2012ರಲ್ಲಿ ಅಂತರರಾಷ್ಟ್ರೀಯ ನ್ಯಾಯಾಲಯದ ಮುಂದೆ ನಿಲ್ಲಲಿಲ್ಲ.

ಬಿಟ್ಟುಕೊಡುವ ಮಾತಿಗೆ ಉದಾಹರಣೆ ಹುಡುಕಲು ನಾವು ದೂರ ಹೋಗಬೇಕಿಲ್ಲ. 1952ರ ಜೂನ್ 9ರಂದು ಟೋಕಿಯೊದಲ್ಲಿ ಸಹಿಯಾದ ಭಾರತ–ಜಪಾನ್ ಶಾಂತಿ ಒಪ್ಪಂದದಲ್ಲಿ ಭಾರತ ಯುದ್ಧಪರಿಹಾರದ ಎಲ್ಲ ಹಕ್ಕುಗಳನ್ನೂ ತ್ಯಜಿಸಿತು. ಯುದ್ಧದ ಅವಧಿಯಲ್ಲಿ ಜಪಾನ್ ನಡೆಸಿದ ಕಾರ್ಯಾಚರಣೆಗಳಿಂದ ಭಾರತದ ಪ್ರಜೆಗಳಿಗೆ ಹುಟ್ಟಿದ ಹಕ್ಕುಗಳೂ ಆ ತ್ಯಾಗದಲ್ಲಿ ಸೇರಿದ್ದವು. ಸೋತು ಸುಣ್ಣವಾಗಿದ್ದ ಒಂದು ಏಷ್ಯಾದ ದೇಶದ ಬಗ್ಗೆ ನೆಹರು ಸರ್ಕಾರ ತೋರಿದ ಔದಾರ್ಯವೆಂದು ಅದನ್ನು ಇಂದಿಗೂ ಹೊಗಳಲಾಗುತ್ತದೆ, ರಾಜತಾಂತ್ರಿಕವಾಗಿ ಅದು ದೊಡ್ಡ ನಡೆಯೂ ಹೌದು. ಆದರೆ ಅಂಡಮಾನ್‌ನಲ್ಲಿ, ಆಗ್ನೇಯ ಏಷ್ಯಾದ ಪಟ್ಟಣಗಳಲ್ಲಿ ಮನೆಮಠ ಕಳೆದುಕೊಂಡಿದ್ದ ಭಾರತೀಯರನ್ನು ಯಾರೂ ಕೇಳಿರಲಿಲ್ಲ. ಸರ್ಕಾರ ಔದಾರ್ಯ ತೋರಬಾರದೆಂದಲ್ಲ. ತನ್ನ ಪ್ರಜೆಗಳ ಹಕ್ಕನ್ನು ಬಿಟ್ಟುಕೊಟ್ಟಾಗ ಆ ನಷ್ಟವನ್ನು ತನ್ನ ಬೊಕ್ಕಸದಿಂದ ತುಂಬುವ ಹೊಣೆಯನ್ನೂ ಅದು ಹೊರಬೇಕು ಎಂಬುದು ನನ್ನ ದೃಢ ಅಭಿಪ್ರಾಯ.

ಪರಿಹಾರ ನಿಜಕ್ಕೂ ಜನರ ಕೈ ಸೇರಿದ ದೊಡ್ಡ ನಿದರ್ಶನ ಕುವೈತ್‌ನದು. 1990ರ ಆಗಸ್ಟ್ 2ರಂದು ಇರಾಕ್ ಸೇನೆ ಕುವೈತ್‌ಗೆ ನುಗ್ಗಿತು. ಆಗ ಅಲ್ಲಿದ್ದ ಭಾರತೀಯರಲ್ಲಿ ಸುಮಾರು 1.7 ಲಕ್ಷ ಮಂದಿಯನ್ನು ಜೋರ್ಡಾನ್‌ನ ಅಮ್ಮಾನ್ ಮೂಲಕ ವಿಮಾನಗಳಲ್ಲಿ ಮುಂಬೈಗೆ ಕರೆತರಲಾಯಿತು. ಮಂಗಳೂರು, ಉಡುಪಿ, ಭಟ್ಕಳ ಕಡೆಯ ಎಷ್ಟೋ ಕುಟುಂಬಗಳು ಆ ಗುಂಪಿನಲ್ಲಿದ್ದವು. ಬಾಡಿಗೆ ಮನೆಯಲ್ಲಿದ್ದ ಸಾಮಾನು, ಬ್ಯಾಂಕಿನಲ್ಲಿದ್ದ ಹಣ, ಬರಬೇಕಿದ್ದ ಸಂಬಳ, ಓಡಿಸುತ್ತಿದ್ದ ಕಾರು ಎಲ್ಲವನ್ನೂ ಅಲ್ಲಿಯೇ ಬಿಟ್ಟು ಬಂದವರು ಅವರು. ಕುವೈತ್ ವಿಮೋಚನೆಯ ನಂತರ, 1991ರ ಏಪ್ರಿಲ್ 3ರಂದು, ವಿಶ್ವಸಂಸ್ಥೆಯ ಭದ್ರತಾ ಮಂಡಳಿ ಅಂಗೀಕರಿಸಿದ 687ನೆಯ ನಿರ್ಣಯವು ಅತಿಕ್ರಮಣದಿಂದ ನೇರವಾಗಿ ಆದ ಎಲ್ಲ ನಷ್ಟಕ್ಕೂ ಇರಾಕ್ ಹೊಣೆಯೆಂದು ಸಾರಿತು. ಅದೇ ವರ್ಷ ಜಿನೀವಾದಲ್ಲಿ ಪರಿಹಾರ ಆಯೋಗ ಸ್ಥಾಪನೆಯಾಯಿತು.

ಈ ಆಯೋಗದ ಕೆಲಸದ ಬಗೆಯನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು, ಏಕೆಂದರೆ ಆಮೇಲಿನ ಎಲ್ಲ ಯೋಜನೆಗಳೂ ಇದನ್ನೇ ಮಾದರಿಯಾಗಿ ಇಟ್ಟುಕೊಂಡಿವೆ. ಅರ್ಜಿಗಳನ್ನು ಆರು ವರ್ಗಗಳಾಗಿ ವಿಂಗಡಿಸಲಾಯಿತು. ಮೊದಲ ವರ್ಗ ಯುದ್ಧದಿಂದಾಗಿ ಇರಾಕ್ ಅಥವಾ ಕುವೈತ್ ಬಿಟ್ಟು ಹೊರಡಬೇಕಾಗಿ ಬಂದವರದು. ಅವರಿಗೆ ತಲಾ 2,500 ಡಾಲರ್, ಕುಟುಂಬಕ್ಕೆ 5,000 ಡಾಲರ್. ಬೇರೆ ಯಾವ ವರ್ಗದಲ್ಲೂ ಅರ್ಜಿ ಹಾಕುವುದಿಲ್ಲವೆಂದು ಒಪ್ಪಿದರೆ 4,000 ಮತ್ತು 8,000 ಡಾಲರ್. ಮನೆಯಲ್ಲಿ ಫ್ರಿಜ್ ಇತ್ತೇ, ಅದರ ಬೆಲೆ ಎಷ್ಟು ಎಂದು ಇವರನ್ನು ಯಾರೂ ಕೇಳಲಿಲ್ಲ. ಆ ಅವಧಿಯಲ್ಲಿ ಅಲ್ಲಿದ್ದು ಹೊರಟು ಬಂದದ್ದು ನಿಜವೆಂದು ಗೊತ್ತಾದರೆ ಸಾಕಿತ್ತು. ಅದನ್ನೂ ಅರ್ಜಿದಾರನ ತಲೆಗೇ ಕಟ್ಟದೆ, ವಿಮಾನಯಾನ, ಗಡಿದಾಟು ಮತ್ತು ನಿರಾಶ್ರಿತರ ಸಾಗಾಟದ ದಾಖಲೆಗಳನ್ನು ಒಟ್ಟುಗೂಡಿಸಿ ಕಂಪ್ಯೂಟರಿನಲ್ಲಿ ತಾಳೆ ನೋಡಲಾಯಿತು. 4,000 ಡಾಲರ್ ಎಂದರೆ ಅಂದಿನ ವಿನಿಮಯ ದರದಲ್ಲಿ ಒಂದೂವರೆ ಲಕ್ಷ ರೂಪಾಯಿಯಷ್ಟು. ಊರಿಗೆ ಮರಳಿ ಸಣ್ಣ ಅಂಗಡಿ ಇಡಲು ಹೊರಟವನಿಗೆ ಅದು ಚಿಲ್ಲರೆ ಹಣವಾಗಿರಲಿಲ್ಲ. ಒಂದು ಲಕ್ಷ ಡಾಲರಿನವರೆಗಿನ ವೈಯಕ್ತಿಕ ನಷ್ಟಕ್ಕೆ ಬೇರೆ ವರ್ಗ, ಅದಕ್ಕೂ ಮಿಗಿಲಾದುದಕ್ಕೆ ಇನ್ನೊಂದು. ಕಂಪನಿಗಳು ಮತ್ತು ಸರ್ಕಾರಗಳು ಸಾಲಿನ ಕೊನೆಯಲ್ಲಿ. ವ್ಯಕ್ತಿಗಳಿಗೆ ಮೊದಲು, ದೊಡ್ಡ ಸಂಸ್ಥೆಗಳಿಗೆ ಆಮೇಲೆ ಎಂಬ ಈ ಕ್ರಮ ಆಯೋಗದ ಅತಿ ದೊಡ್ಡ ಕೊಡುಗೆಯೆಂದು ನಾನು ಭಾವಿಸುತ್ತೇನೆ. ಅರ್ಜಿಗಳು ಸಲ್ಲಬೇಕಾದದ್ದು ಮಾತ್ರ ಸರ್ಕಾರಗಳ ಮೂಲಕವೇ. ಭಾರತೀಯರ ಅರ್ಜಿಗಳೂ ದೆಹಲಿಯ ವಿದೇಶಾಂಗ ಸಚಿವಾಲಯದ ಮೂಲಕವೇ ಜಿನೀವಾಕ್ಕೆ ಹೋದವು.

ಹಣ ಬಂದದ್ದು ಇರಾಕ್‌ನ ತೈಲದಿಂದ. ವಿಶ್ವಸಂಸ್ಥೆ ಹೇರಿದ್ದ ನಿರ್ಬಂಧದಿಂದಾಗಿ ತೈಲ ಮಾರಾಟವೇ ನಿಂತಿದ್ದ ಮೊದಲ ಕೆಲವು ವರ್ಷ ನಿಧಿ ಬಹುಪಾಲು ಬರಿದಾಗಿತ್ತು. ಆಹಾರ, ಔಷಧಿ ಕೊಳ್ಳಲೆಂದು ಇರಾಕ್‌ಗೆ ತೈಲ ಮಾರಲು ಬಿಟ್ಟ ‘ಆಹಾರಕ್ಕಾಗಿ ತೈಲ’ ಯೋಜನೆ 1996ರ ಕೊನೆಗೆ ಶುರುವಾದಾಗ ಮಾರಾಟದ 30% ಪರಿಹಾರ ನಿಧಿಗೆ ಹೋಗತೊಡಗಿತು. 2000ದಲ್ಲಿ ಅದು 25%ಕ್ಕೆ, 2003ರಲ್ಲಿ 5%ಕ್ಕೆ ಇಳಿಯಿತು. ಸುಮಾರು 26.9 ಲಕ್ಷ ಅರ್ಜಿಗಳಲ್ಲಿ ಕೇಳಿದ್ದ ಒಟ್ಟು ಮೊತ್ತ 35,250 ಕೋಟಿ ಡಾಲರ್, ಆಯೋಗ ಮಂಜೂರು ಮಾಡಿದ್ದು 5,240 ಕೋಟಿ ಡಾಲರ್, ಅದು ತಲುಪಿದ್ದು ಸುಮಾರು 15 ಲಕ್ಷ ಅರ್ಜಿದಾರರಿಗೆ. ಕೊನೆಯ ಕಂತು ಸಂದಾಯವಾದದ್ದು 2022ರ ಜನವರಿಯಲ್ಲಿ, ಕುವೈತ್‌ನ ಸರ್ಕಾರಿ ತೈಲ ಕಂಪನಿಗೆ. ಅತಿಕ್ರಮಣ ನಡೆದು ಅಷ್ಟು ಹೊತ್ತಿಗೆ 31 ವರ್ಷ ದಾಟಿತ್ತು.

ಇದನ್ನು ಯಶಸ್ಸೆಂದು ಕರೆಯುವಾಗ ಅದರ ಬೆಲೆಯನ್ನೂ ಹೇಳದಿದ್ದರೆ ಅನ್ಯಾಯವಾಗುತ್ತದೆ. ನಿರ್ಬಂಧದ ವರ್ಷಗಳಲ್ಲಿ ಔಷಧಿ, ಹಾಲಿನಪುಡಿಗೆ ಪರದಾಡುತ್ತಿದ್ದ ಇರಾಕ್‌ನ ಜನರ ಪಾಲಿನ ತೈಲದಿಂದಲೇ ಆ 30% ಮುರಿದುಕೊಳ್ಳಲಾಗುತ್ತಿತ್ತು. ಆ ಯುದ್ಧದಲ್ಲಿ ಬಾಂಬು ಬಿದ್ದು ಮನೆ ಕಳೆದುಕೊಂಡ ಇರಾಕಿ ಪ್ರಜೆಗಳಿಗೆ ಅರ್ಜಿ ಹಾಕುವ ಹಕ್ಕೇ ಇರಲಿಲ್ಲ. ತನ್ನ ವಾದ ಮಂಡಿಸಲು ಇರಾಕ್‌ಗೆ ಸಿಕ್ಕ ಅವಕಾಶವೂ ತೀರ ಸೀಮಿತ. ಸೋತ ದೇಶದ ಕೈಕಟ್ಟಿ, ಅದರ ಆದಾಯ ಹರಿಯುವ ಕಾಲುವೆಗೇ ತೂಬು ಹಾಕಿದ್ದರಿಂದ ಮಾತ್ರ ಈ ವ್ಯವಸ್ಥೆ ನಡೆಯಿತು. ಇಂಥ ಪರಿಸ್ಥಿತಿ ಪ್ರತಿ ಯುದ್ಧದ ಕೊನೆಗೂ ಒದಗುವುದಿಲ್ಲ.

ಇಬ್ಬರೂ ಸಮಸಮನಾಗಿ ಬಳಲಿ, ಮಾತುಕತೆಗೆ ಕೂತು ಒಪ್ಪಂದ ಮಾಡಿಕೊಂಡಾಗ ಏನಾಗುತ್ತದೆ ಎಂಬುದಕ್ಕೆ ಇಥಿಯೋಪಿಯಾ ಮತ್ತು ಎರಿಟ್ರಿಯಾ ನಿದರ್ಶನ. 1998ರ ಮೇ ತಿಂಗಳಲ್ಲಿ ಬಾದ್ಮೆ ಎಂಬ ಗಡಿ ಊರಿನಲ್ಲಿ ಹೊತ್ತಿಕೊಂಡ ಯುದ್ಧ ಎರಡು ವರ್ಷ ನಡೆಯಿತು. 2000ದ ಡಿಸೆಂಬರ್ 12ರಂದು ಅಲ್ಜೀರ್ಸ್‌ನಲ್ಲಿ ಸಹಿಯಾದ ಶಾಂತಿ ಒಪ್ಪಂದದ 5ನೆಯ ವಿಧಿ, ಎರಡೂ ದೇಶಗಳ ಮತ್ತು ಅವುಗಳ ಪ್ರಜೆಗಳ ನಷ್ಟದ ಬಗ್ಗೆ ತೀರ್ಪು ಕೊಡಲು ಐವರು ಸದಸ್ಯರ ಆಯೋಗವೊಂದನ್ನು ರಚಿಸಿತು. ಕಾಗದದ ಮೇಲೆ ಇದಕ್ಕಿಂತ ಅಚ್ಚುಕಟ್ಟಾದ ಏರ್ಪಾಡು ಇರಲಾರದು. ಹೇಗ್‌ನಲ್ಲಿ ಕೂತು ಕೆಲಸ ಮಾಡಿದ ಆ ಆಯೋಗದ ತೀರ್ಪುಗಳನ್ನು ಓದಿದರೆ, ಯುದ್ಧದಲ್ಲಿ ಆಸ್ತಿ ಕೈತಪ್ಪುವುದು ಫಿರಂಗಿಯ ಗುಂಡಿನಿಂದ ಮಾತ್ರವಲ್ಲ ಎಂಬುದು ಚೆನ್ನಾಗಿ ತಿಳಿಯುತ್ತದೆ.

ಇಥಿಯೋಪಿಯಾದಲ್ಲಿ ತಲೆಮಾರುಗಳಿಂದ ಬಾಳಿದ್ದ ಎರಿಟ್ರಿಯಾ ಮೂಲದವರನ್ನು ಯುದ್ಧಕಾಲದಲ್ಲಿ ಸಾವಿರ ಸಾವಿರ ಸಂಖ್ಯೆಯಲ್ಲಿ ಹೊರಹಾಕಲಾಯಿತು. ಅವರ ಮನೆ, ಕಟ್ಟಡಗಳನ್ನು ಒಂದು ತಿಂಗಳೊಳಗೆ ಮಾರಿಬಿಡಬೇಕೆಂಬ ಅಪ್ಪಣೆ ಹೊರಟಿತು. ಮಾಲೀಕ ಗಡಿಯಾಚೆ ಇದ್ದಾನೆ, ಕೊಳ್ಳುವವನಿಗೆ ಅವನ ಅಸಹಾಯಕತೆ ಗೊತ್ತಿದೆ, ಗಡುವು ತಿಂಗಳು. ಹೇಗೋ ಮಾರಿದವರಲ್ಲಿ ಕೆಲವರ ಮೇಲೆ ಮಾರಾಟದ ಹಣದ 100% ಮೊತ್ತವನ್ನು ‘ಸ್ಥಳ ತೆರಿಗೆ’ಯ ಹೆಸರಿನಲ್ಲಿ ಹೇರಲಾಯಿತು, ಅಂದರೆ ಬಂದದ್ದೆಲ್ಲ ಸರ್ಕಾರಕ್ಕೆ. ಇವು ಅಂತರರಾಷ್ಟ್ರೀಯ ಕಾನೂನಿನ ಉಲ್ಲಂಘನೆಯೆಂದು ಆಯೋಗ 2004ರ ಡಿಸೆಂಬರ್‌ನಲ್ಲಿ ಸ್ಪಷ್ಟವಾಗಿ ಹೇಳಿತು. ಇತ್ತ ಯುದ್ಧಕ್ಕೆ ಮೊದಲು ಕೈ ಹಾಕಿದ್ದು ಎರಿಟ್ರಿಯಾ ಎಂದೂ, ಗಡಿಯಲ್ಲಿರುವ ಇಥಿಯೋಪಿಯಾದ ಜಲಂಬೆಸ್ಸಾ ಪಟ್ಟಣದ ನಾಶದಲ್ಲಿ ದೊಡ್ಡ ಪಾಲು ಅದರದೇ ಎಂದೂ ತೀರ್ಮಾನವಾಯಿತು.

2009ರ ಆಗಸ್ಟ್ 17ರ ಅಂತಿಮ ತೀರ್ಪಿನಲ್ಲಿ ಎರಿಟ್ರಿಯಾಕ್ಕೆ ಸುಮಾರು 16.35 ಕೋಟಿ ಡಾಲರ್, ಇಥಿಯೋಪಿಯಾಕ್ಕೆ ಸುಮಾರು 17.40 ಕೋಟಿ ಡಾಲರ್ ಘೋಷಣೆಯಾಯಿತು. ಒಂದನ್ನು ಇನ್ನೊಂದರಲ್ಲಿ ಕಳೆದರೆ ಎರಿಟ್ರಿಯಾ ಕೊಡಬೇಕಾದದ್ದು ಒಂದು ಕೋಟಿ ಡಾಲರಿಗಿಂತ ತುಸು ಹೆಚ್ಚು. ಹೀಗೆ ಕಳೆಯುವುದರಲ್ಲೇ ಅನ್ಯಾಯವಿದೆ: ಇಥಿಯೋಪಿಯಾದ ರಾಜಧಾನಿ ಆಡಿಸ್ ಅಬಾಬಾದಲ್ಲಿ ಮನೆ ಕಳೆದುಕೊಂಡ ಎರಿಟ್ರಿಯಾ ಮೂಲದವಳ ನಷ್ಟವನ್ನು ಜಲಂಬೆಸ್ಸಾದಲ್ಲಿ ಅಂಗಡಿ ಕಳೆದುಕೊಂಡವನ ನಷ್ಟದೊಂದಿಗೆ ವಜಾ ಹಾಕಿದರೆ ಸರ್ಕಾರಗಳ ಖಾತೆ ಸರಿಹೋಗುತ್ತದೆ, ಇಬ್ಬರ ಕೈಗೂ ಬಿಡಿಗಾಸು ಬರುವುದಿಲ್ಲ. ಬಹುಸಂಖ್ಯೆಯ ವ್ಯಕ್ತಿಗಳಿಗೆ ತಲಾ ನಿಗದಿತ ಮೊತ್ತ ಕೊಡಿಸುವ, ಕುವೈತ್ ಮಾದರಿಯ ದಾರಿಯನ್ನೂ ಆಯೋಗದ ನಿಯಮಗಳು ತೆರೆದಿಟ್ಟಿದ್ದವು. ಎರಡೂ ಸರ್ಕಾರಗಳು ಹೆಚ್ಚುಕಡಿಮೆ ಎಲ್ಲ ಅರ್ಜಿಗಳನ್ನೂ ತಮ್ಮ ಹೆಸರಿನಲ್ಲೇ ಹೂಡಿದವು. ಕೊನೆಗೆ ಆ ಅಲ್ಪ ಮೊತ್ತವೂ ಕೈ ಬದಲಾಗಲಿಲ್ಲ. 2018ರ ಜುಲೈನಲ್ಲಿ ಎರಿಟ್ರಿಯಾದ ರಾಜಧಾನಿ ಅಸ್ಮಾರಾದಲ್ಲಿ ಎರಡೂ ದೇಶಗಳ ನಾಯಕರು ಅಪ್ಪಿಕೊಂಡು ಹೊರಡಿಸಿದ ಜಂಟಿ ಘೋಷಣೆಯಲ್ಲಿ ವ್ಯಾಪಾರ, ಸಾರಿಗೆ, ದೂರಸಂಪರ್ಕ, ಗಡಿ ಎಲ್ಲ ಇದ್ದವು. ಪರಿಹಾರದ ತೀರ್ಪಿನ ಮಾತು ಇರಲಿಲ್ಲ.

ಬೋಸ್ನಿಯಾ ಬೇರೊಂದು ಹಾದಿ ಹಿಡಿಯಿತು. ಅಲ್ಲಿನ ಯುದ್ಧವನ್ನು ನಿಲ್ಲಿಸಿದ 1995ರ ಡೇಟನ್ ಒಪ್ಪಂದದ 7ನೆಯ ಅನುಬಂಧ, ಓಡಿಹೋದವರಿಗೆ ಸ್ವಂತ ಮನೆಯನ್ನು ಮರಳಿ ಪಡೆಯುವ, ಅದು ಸಾಧ್ಯವಾಗದಿದ್ದರೆ ಪರಿಹಾರ ಪಡೆಯುವ ಹಕ್ಕನ್ನು ಕೊಟ್ಟಿತು. ಪರಿಹಾರ ನಿಧಿಗೆ ಯಾರೂ ಹಣ ಹಾಕಲಿಲ್ಲ, ಆದ್ದರಿಂದ ಒತ್ತಡವೆಲ್ಲ ಮನೆ ಬಿಡಿಸಿಕೊಡುವುದರ ಮೇಲೆ ಬಿತ್ತು. ಇನ್ನೊಬ್ಬರ ಮನೆಯಲ್ಲಿ ಕೂತಿದ್ದವರನ್ನು ಎಬ್ಬಿಸಿ ಕೀಲಿಯನ್ನು ಮೂಲ ಮಾಲೀಕರ ಕೈಗಿಡುವ ಕೆಲಸ, ವಿದೇಶೀ ಮೇಲ್ವಿಚಾರಣೆಯಲ್ಲಿ, ಸುಮಾರು ಎರಡು ಲಕ್ಷ ಮನೆಗಳ ಮಟ್ಟಿಗೆ ನಡೆಯಿತು. ಮರಳಿ ಪಡೆದ ಮನೆಯನ್ನು ಮಾರಿ ಬೇರೆ ಊರಿಗೆ ಹೋದವರೂ ಬಹಳ. ಹಾಗಿದ್ದರೂ ಮಾರುವ ನಿರ್ಧಾರ ಅವರದಾಗಿತ್ತು.

ನಮ್ಮ ಉಪಖಂಡದ ಕಥೆ ಇವೆಲ್ಲಕ್ಕಿಂತ ಕಹಿಯಾದದ್ದು. 1965ರ ಯುದ್ಧದ ಹೊತ್ತಿಗೆ ಭಾರತ ಮತ್ತು ಪಾಕಿಸ್ತಾನ ಎರಡೂ ಪರಸ್ಪರರ ಪ್ರಜೆಗಳ ಆಸ್ತಿಯನ್ನು ‘ಶತ್ರು ಆಸ್ತಿ’ ಎಂದು ವಶಪಡಿಸಿಕೊಂಡವು. 1966ರ ಜನವರಿ 10ರ ತಾಷ್ಕೆಂಟ್ ಘೋಷಣೆಯಲ್ಲಿ, ಸಂಘರ್ಷದ ಸಂದರ್ಭದಲ್ಲಿ ವಶಪಡಿಸಿಕೊಂಡ ಆಸ್ತಿಪಾಸ್ತಿಯನ್ನು ಹಿಂದಿರುಗಿಸುವ ಬಗ್ಗೆ ಎರಡೂ ಕಡೆಯವರು ಚರ್ಚಿಸುತ್ತಾರೆ ಎಂಬ ವಾಕ್ಯ ಸೇರಿತು. ಚರ್ಚಿಸುತ್ತಾರೆ ಅಷ್ಟೇ, ಗಡುವಿಲ್ಲ, ಆಯೋಗವಿಲ್ಲ, ನಿಧಿಯಿಲ್ಲ. ಚರ್ಚೆ ಎಲ್ಲಿಗೂ ಮುಟ್ಟಲಿಲ್ಲ. ಭಾರತ 1968ರಲ್ಲಿ ಶತ್ರು ಆಸ್ತಿ ಕಾಯಿದೆ ತಂದು ಆಸ್ತಿಗಳನ್ನು ಪಾಲಕಾಧಿಕಾರಿಯ ವಶದಲ್ಲಿ ಉಳಿಸಿಕೊಂಡಿತು. ಪಾಕಿಸ್ತಾನ ತನ್ನ ವಶದಲ್ಲಿದ್ದುದನ್ನು 1971ರಲ್ಲಿ ವಿಲೇವಾರಿ ಮಾಡಿತೆಂಬುದು ಭಾರತ ಸರ್ಕಾರದ ಅಧಿಕೃತ ನಿಲುವು. ಅಲ್ಲಿ ಆಸ್ತಿ ಕಳೆದುಕೊಂಡ ಭಾರತೀಯರಿಗೆ ನಮ್ಮ ಸರ್ಕಾರವೇ ಅನುಗ್ರಹಪೂರ್ವಕವಾಗಿ, ಪರಿಶೀಲನೆಯಲ್ಲಿ ಒಪ್ಪಿತವಾದ ನಷ್ಟದ 25%ದಷ್ಟು ಕೊಟ್ಟಿತು. ಸೊನ್ನೆಗಿಂತ ಅದು ಮೇಲು, ಹಕ್ಕಿನ ಪರಿಹಾರವಂತೂ ಅಲ್ಲ. ಇತ್ತ ಉತ್ತರ ಪ್ರದೇಶದ ಮಹಮೂದಾಬಾದ್ ಸಂಸ್ಥಾನದ ವಾರಸುದಾರರು, ತಂದೆ ಪಾಕಿಸ್ತಾನದ ಪೌರತ್ವ ಪಡೆದರೂ ತಾವು ಭಾರತದ ಪ್ರಜೆಗಳೆಂದು ದಶಕಗಳ ಕಾಲ ಹೋರಾಡಿ 2005ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಗೆದ್ದರು. 2017ರ ತಿದ್ದುಪಡಿ, ವಾರಸುದಾರ ಭಾರತೀಯನಾಗಿದ್ದರೂ ಇಂಥ ಆಸ್ತಿಯ ಮೇಲೆ ಹಕ್ಕಿಲ್ಲವೆಂದು ಪೂರ್ವಾನ್ವಯವಾಗುವಂತೆ ಸಾರಿ ಆ ಗೆಲುವನ್ನು ಅಳಿಸಿಹಾಕಿತು. ಯುದ್ಧ ನಡೆದದ್ದು 1965ರಲ್ಲಿ, ಸುಮಾರು ಮೂರು ವಾರ.

ಈ ಅನುಭವಗಳನ್ನು ಮುಂದಿಟ್ಟುಕೊಂಡು ಉಕ್ರೇನ್ ಕಡೆ ನೋಡಿದರೆ ಒಂದು ಸಂಗತಿ ಎದ್ದು ಕಾಣುತ್ತದೆ: ಇಲ್ಲಿ ಪರಿಹಾರದ ಏರ್ಪಾಡು ಶಾಂತಿ ಒಪ್ಪಂದಕ್ಕಾಗಿ ಕಾಯಲಿಲ್ಲ. 2022ರ ನವೆಂಬರ್ 14ರಂದು ವಿಶ್ವಸಂಸ್ಥೆಯ ಮಹಾಸಭೆ, ರಷ್ಯಾ ಪರಿಹಾರ ಕೊಡಬೇಕು ಮತ್ತು ಹಾನಿಯ ದಾಖಲೆ ಪುಸ್ತಕವೊಂದು ಬೇಕು ಎಂಬ ನಿರ್ಣಯವನ್ನು 94 ಮತಗಳಿಂದ ಅಂಗೀಕರಿಸಿತು; 14 ದೇಶಗಳು ವಿರೋಧಿಸಿದವು, ಭಾರತವೂ ಸೇರಿ 73 ದೇಶಗಳು ಮತದಾನದಿಂದ ದೂರ ಉಳಿದವು. 2023ರ ಮೇ ತಿಂಗಳಲ್ಲಿ ಯುರೋಪ್ ಕೌನ್ಸಿಲ್ (ಐರೋಪ್ಯ ಒಕ್ಕೂಟಕ್ಕಿಂತ ಬೇರೆಯಾದ, ಮಾನವ ಹಕ್ಕುಗಳ ಸಂಘಟನೆ) ಆ ದಾಖಲಾತಿ ಸಂಸ್ಥೆಯನ್ನು ಹೇಗ್‌ನಲ್ಲಿ ಸ್ಥಾಪಿಸಿತು. 2024ರ ಏಪ್ರಿಲ್ 2ರಿಂದ ಅರ್ಜಿ ಸ್ವೀಕಾರ ಆರಂಭವಾಯಿತು, ಮೊದಲು ತೆರೆದದ್ದೇ ಹಾನಿಗೀಡಾದ ಮತ್ತು ನಾಶವಾದ ವಾಸದ ಮನೆಗಳ ವರ್ಗ.

ಉಕ್ರೇನ್ ಪ್ರಜೆ ಮೊಬೈಲ್‌ನಲ್ಲಿರುವ ‘ದಿಯಾ’ ಎಂಬ ಸರ್ಕಾರಿ ಸೇವೆಯ ಮೂಲಕವೇ ಅರ್ಜಿ ಹಾಕಬಹುದು. ಮನೆ ಎಲ್ಲಿತ್ತು, ಯಾರ ಹೆಸರಿನಲ್ಲಿತ್ತು, ಯಾವಾಗ ಏನಾಯಿತು, ಫೋಟೊ ಇದೆಯೇ, ಅಧಿಕಾರಿಗಳ ತಪಾಸಣಾ ವರದಿ ಇದೆಯೇ ಎಂದು ಅದು ಕೇಳುತ್ತದೆ. ತೊಡಕು ಬರುವುದು ಎರಡನೆಯ ಪ್ರಶ್ನೆಯಲ್ಲಿ. 2013ಕ್ಕಿಂತ ಹಿಂದಿನ ನೋಂದಣಿಗಳಲ್ಲಿ ಬಹಳಷ್ಟು ಸ್ಥಳೀಯ ಕಚೇರಿಗಳ ಕಾಗದದ ಕಡತಗಳಲ್ಲಿದ್ದವು, ಮತ್ತು ಮರಿಯುಪೋಲ್‌ನಂಥ ಊರುಗಳಲ್ಲಿ ಕಡತಗಳು ಉಳಿದಿದ್ದರೂ ಅವು ಈಗ ರಷ್ಯಾದ ಹಿಡಿತದಲ್ಲಿವೆ. ಅಲ್ಲಿನ ಆಡಳಿತ, ಊರು ಬಿಟ್ಟವರ ಫ್ಲ್ಯಾಟುಗಳನ್ನು ವಾರಸುದಾರರಿಲ್ಲದ ಆಸ್ತಿಯೆಂದು ಪಟ್ಟಿ ಮಾಡಿ ವಶಪಡಿಸಿಕೊಳ್ಳುತ್ತಿದೆ. ಮಾಲೀಕ ಖುದ್ದಾಗಿ ಬಂದು ಹಕ್ಕು ತೋರಿಸಬೇಕು, ಬರಲು ಅವನು ರಷ್ಯಾದ ತಪಾಸಣೆ ದಾಟಬೇಕು. ಇಥಿಯೋಪಿಯಾದ ಒಂದು ತಿಂಗಳ ಗಡುವಿನ ಹಿಂದಿದ್ದ ಬುದ್ಧಿಯೇ ಇಲ್ಲಿಯೂ ಕೆಲಸ ಮಾಡುತ್ತಿದೆ. ಉಕ್ರೇನ್ ಸರ್ಕಾರ 2023ರಿಂದ ತನ್ನದೇ ಕಾನೂನಿನಡಿ ಮನೆ ದುರಸ್ತಿಗೆ, ಹೊಸ ಮನೆಗೆ ನೆರವು ಕೊಡುತ್ತಿದೆಯಾದರೂ ಆಕ್ರಮಿತ ಊರುಗಳ ಮನೆಗಳಿಗೆ ಅದು ಬಹುಮಟ್ಟಿಗೆ ಅನ್ವಯಿಸುವುದಿಲ್ಲ, ಏಕೆಂದರೆ ತಪಾಸಣೆಗೆ ಅಲ್ಲಿಗೆ ಹೋಗುವಂತೆಯೇ ಇಲ್ಲ. ಹೇಗ್‌ನ ದಾಖಲಾತಿ ಸಂಸ್ಥೆಯಲ್ಲಿ ಮಾತ್ರ ಆಕ್ರಮಿತ ಪ್ರದೇಶದ ಆಸ್ತಿ ಕೈತಪ್ಪಿದವರಿಗೂ ಜಾಗವಿದೆ.

ಈ ಸಂಸ್ಥೆ ಅರ್ಜಿಯನ್ನು ದಾಖಲಿಸುತ್ತದೆಯೇ ಹೊರತು ಮೊತ್ತ ನಿಗದಿ ಮಾಡುವುದಿಲ್ಲ. ಅದು ಮುಂದಿನ ಆಯೋಗದ ಕೆಲಸ. ಆ ಆಯೋಗವನ್ನು ಸ್ಥಾಪಿಸುವ ಒಡಂಬಡಿಕೆಗೆ 2025ರ ಡಿಸೆಂಬರ್ 16ರಂದು ಹೇಗ್‌ನಲ್ಲಿ ಐರೋಪ್ಯ ಒಕ್ಕೂಟವೂ ಸೇರಿ 35 ಸಹಿಗಳು ಬಿದ್ದವು; ಅಷ್ಟು ಹೊತ್ತಿಗೆ 80,000ಕ್ಕೂ ಹೆಚ್ಚು ಅರ್ಜಿಗಳು ದಾಖಲಾಗಿದ್ದವು. ಜಾರಿಗೆ ಬರಬೇಕಾದರೆ 25 ಸಹಿದಾರರು ಅದನ್ನು ಸ್ಥಿರೀಕರಿಸಬೇಕು. ಆಯೋಗದ ಆಚೆಗೆ ಇರಬೇಕಾದ ಮೂರನೆಯ ಅಂಗ, ಹಣದ ನಿಧಿ, ಇನ್ನೂ ಹೆಸರಿಗಷ್ಟೇ ಇದೆ.

ಹಣ ಇಲ್ಲವೆಂದಲ್ಲ. ರಷ್ಯಾದ ಕೇಂದ್ರ ಬ್ಯಾಂಕಿಗೆ ಸೇರಿದ ಸುಮಾರು 30,000 ಕೋಟಿ ಡಾಲರ್ ಪಾಶ್ಚಾತ್ಯ ದೇಶಗಳಲ್ಲಿ ತಡೆಹಿಡಿಯಲ್ಪಟ್ಟಿದೆ. ಅದರಲ್ಲಿ ದೊಡ್ಡ ಪಾಲು ಷೇರು, ಸಾಲಪತ್ರಗಳನ್ನು ಜೋಪಾನವಾಗಿಡುವ ಬೆಲ್ಜಿಯಂನ ಯುರೋಕ್ಲಿಯರ್ ಸಂಸ್ಥೆಯಲ್ಲಿದೆ. ಇನ್ನೊಂದು ದೇಶದ ಕೇಂದ್ರ ಬ್ಯಾಂಕಿನ ಹಣವನ್ನು ಮುಟ್ಟುಗೋಲು ಹಾಕಿಕೊಂಡರೆ ನಾಳೆ ಯಾರೂ ಯುರೋಪಿನಲ್ಲಿ ಮೀಸಲು ನಿಧಿ ಇಡುವುದಿಲ್ಲವೆಂಬ ಭಯ ಅಲ್ಲಿನ ಸರ್ಕಾರಗಳಿಗಿದೆ. ಭಯ ನಿರಾಧಾರವೇನಲ್ಲ. 2025ರ ಡಿಸೆಂಬರ್‌ನಲ್ಲಿ ಒಕ್ಕೂಟದ ನಾಯಕರು ಆ ಹಣವನ್ನು ಮುಟ್ಟದೆ, ತಾವೇ ಸಾಲ ಎತ್ತಿ ಉಕ್ರೇನ್‌ಗೆ 9,000 ಕೋಟಿ ಯೂರೊ ಕೊಡಲು ಒಪ್ಪಿದರು, ತಡೆಯನ್ನು ಮುಂದುವರಿಸಿದರು. ಅಮೆರಿಕದ ಕರಡಾದರೋ ಅದೇ ಹಣದಲ್ಲಿ 10,000 ಕೋಟಿ ಡಾಲರ್‌ಗಳನ್ನು ತನ್ನ ನೇತೃತ್ವದ ಪುನರ್ನಿರ್ಮಾಣ ಹೂಡಿಕೆಗೆ ಎತ್ತಿಡಲು ಹೇಳಿತ್ತು. ಪುನರ್ನಿರ್ಮಾಣವೇ ಬೇರೆ, ಪರಿಹಾರವೇ ಬೇರೆ. ಸೇತುವೆ, ವಿದ್ಯುತ್ ಸ್ಥಾವರ ಕಟ್ಟುವ ಗುತ್ತಿಗೆದಾರನಿಗೆ ಸಂದ ಹಣ, ಖಾರ್ಕಿವ್‌ನಲ್ಲಿ ಮನೆ ಕಳೆದುಕೊಂಡ ನಿವೃತ್ತ ಶಿಕ್ಷಕಿಯ ಅರ್ಜಿಯನ್ನು ತೀರಿಸುವುದಿಲ್ಲ.

ಹಾಗಾಗಿ ಮುಂದೊಂದು ದಿನ ಸಹಿಯಾಗುವ ಒಪ್ಪಂದದಲ್ಲಿ ಮೊದಲು ಹುಡುಕಬೇಕಾದದ್ದು ಹಕ್ಕು ತ್ಯಾಗದ ವಾಕ್ಯವನ್ನು. ಉಕ್ರೇನ್ ಸರ್ಕಾರ ತನ್ನ ಪರವಾಗಿ ಏನನ್ನಾದರೂ ಬಿಟ್ಟುಕೊಡಬೇಕಾದ ಒತ್ತಡಕ್ಕೆ ಸಿಲುಕಬಹುದು. ಯುದ್ಧ ನಿಲ್ಲಲು ಅದು ಅನಿವಾರ್ಯವಾದರೆ ಹೊರಗೆ ಕೂತ ನಾವು ಅದನ್ನು ದೂಷಿಸಲಾಗದು. ಆದರೆ ಪ್ರಜೆಗಳ ಹೆಸರಿನಲ್ಲಿ ಹೇಗ್‌ನಲ್ಲಿ ಈಗಾಗಲೇ ದಾಖಲಾದ ಅರ್ಜಿಗಳನ್ನು ಆ ತ್ಯಾಗದಿಂದ ಹೊರಗಿಡುವ ಒಂದು ಉಪವಾಕ್ಯ, ಮತ್ತು ತಡೆಹಿಡಿದ ಹಣದಲ್ಲಿ ಇಂತಿಷ್ಟು ಪಾಲು ಮೊದಲು ವ್ಯಕ್ತಿಗಳಿಗೆ ಎಂಬ ಇನ್ನೊಂದು ಉಪವಾಕ್ಯ ಸೇರಬೇಕು. ಎರಡನೆಯದು ಇಲ್ಲದೆ ಮೊದಲನೆಯದೊಂದೇ ಇದ್ದರೆ ಅಲ್ಜೀರ್ಸ್‌ನ ಕಥೆಯೇ ಮರುಕಳಿಸುತ್ತದೆ: ತೀರ್ಪು ಬರುತ್ತದೆ, ಹಣ ಬರುವುದಿಲ್ಲ. ತಡೆಹಿಡಿದ ಹಣ ಒಮ್ಮೆ ಮಾಸ್ಕೊಗೆ ಮರಳಿದರೆ ಅಥವಾ ಹೂಡಿಕೆಯ ಹೆಸರಿನಲ್ಲಿ ಕರಗಿದರೆ, ಅದನ್ನು ಹಿಂದಕ್ಕೆ ತರುವ ಶಕ್ತಿ ಯಾವ ಆಯೋಗಕ್ಕೂ ಇರುವುದಿಲ್ಲ. ಸದ್ಯಕ್ಕೆ ಒಡಂಬಡಿಕೆ ಒಂದೊಂದೇ ದೇಶದ ಸಂಸತ್ತಿನ ಮುಂದೆ ಸ್ಥಿರೀಕರಣಕ್ಕಾಗಿ ಹೋಗಬೇಕಿದೆ, ಮತ್ತು ಆ 25 ಸ್ಥಿರೀಕರಣಗಳು ಕದನವಿರಾಮಕ್ಕಿಂತ ಮೊದಲು ಪೂರ್ಣಗೊಳ್ಳುತ್ತವೆಯೇ ಎಂಬುದರ ಮೇಲೆ, ಮಾತುಕತೆಯ ಮೇಜಿನಲ್ಲಿ ಆ ಎರಡು ಉಪವಾಕ್ಯಗಳಿಗೆ ಸಿಗುವ ಬಲ ನಿರ್ಧಾರವಾಗುತ್ತದೆ.